ಜೋಳದಲ್ಲಿರುವ ಕಬ್ಬಿಣ ಗರ್ಭಿಣಿಯ ರಕ್ತಕ್ಕೆ ಸೇರುವುದು ಹೇಗೆ?

ಇತ್ತೀಚೆಗೆ ಏಳು ತಿಂಗಳ ಗರ್ಭಿಣಿಯೊಬ್ಬಳನ್ನು ಆಕೆಯ ಅತ್ತೆ ನನ್ನ ದವಾಖಾನೆಗೆ ಕರೆತಂದಿದ್ದರು. ಚಿತ್ತಾಪುರದಿಂದ ಸ್ವಲ್ಪ ದೂರದ ಹಳ್ಳಿ. ಗಂಡ ಶಹಾಬಾದ್ ಕಲ್ಲಿಗೆ ಪಾಲಿಶ್ ಮಾಡುವ ಕೆಲಸಗಾರ. ಮುಂದಿನ ವಾರ ಕುಬಸ ಇಟ್ಟುಕೊಂಡಿದ್ದರು. ಹುಡುಗಿಗೆ ನಾಲ್ಕು ಹೆಜ್ಜೆ ನಡೆದರೆ ದಮ್ಮು, ಕುಳಿತು ಎದ್ದರೆ ತಲೆಸುತ್ತು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ. ಕೆಂಪಗೆ ಇರಬೇಕಾದ ಜಾಗ ಹೆಚ್ಚುಕಡಿಮೆ ಬೆಳ್ಳಗಿತ್ತು. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 7.6 ಗ್ರಾಂ.

ಅತ್ತೆಗೆ ಬೇಸರವಾಯಿತು. "ಊಟದಾಗ ಏನೂ ಕಮ್ಮಿ ಮಾಡಿಲ್ರಿ ಸಾಹೇಬ್ರ. ಎರಡೂ ಹೊತ್ತು ರೊಟ್ಟಿ, ಬ್ಯಾಳಿ, ಪಲ್ಯ. ಹೊಲಕ್ಕ ಸುದ್ದಾ ಕಳಸಿಲ್ಲ" ಎಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಆದರೆ ಆಕೆಯ ತಾಯಿ ಕಾರ್ಡಿನಲ್ಲಿ ಮೂರು ಸಲ ಕಬ್ಬಿಣದ ಗುಳಿಗೆ ಕೊಟ್ಟ ದಾಖಲೆ ಇತ್ತು. ಆ ಗುಳಿಗೆಗಳು ಎಲ್ಲಿವೆ ಎಂದು ಕೇಳಿದೆ. "ಡಬ್ಬಿಯಾಗ ಅದಾವ್ರಿ. ಗುಳಗಿ ನುಂಗಿದ್ರ ಕೂಸು ದಪ್ಪ ಆಗಿ ಹೆರಗಿ ತ್ರಾಸ ಆಗ್ತದಂತ ಮಂದಿ ಅಂದ್ರು" ಎಂಬ ಉತ್ತರ ಬಂತು. ಅತ್ತೆ ಹೊರಗೆ ಹೋದ ಮೇಲೆ ಹುಡುಗಿ ತಲೆ ತಗ್ಗಿಸಿ ಇನ್ನೊಂದು ಮಾತು ಹೇಳಿದಳು. ನಾಲ್ಕು ತಿಂಗಳಿಂದ ಆಕೆ ಗುಟ್ಟಾಗಿ ಮಣ್ಣು ತಿನ್ನುತ್ತಿದ್ದಳು.

ಇಂಥ ಗರ್ಭಿಣಿಯರು ಚಿತ್ತಾಪುರ, ಸೇಡಂ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ಯಾವ ವೈದ್ಯರಿಗೂ ಹೊಸಬರಲ್ಲ. ಮನೆಯಲ್ಲಿ ಊಟವಿದೆ, ಅಕ್ಕರೆಯೂ ಇದೆ, ಆದರೂ ಮೈಯಲ್ಲಿ ರಕ್ತವಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇಕಡ 52 ಮಂದಿಗೆ ರಕ್ತಹೀನತೆ. ಕರ್ನಾಟಕದಲ್ಲಿ ಈ ಪ್ರಮಾಣ ಶೇಕಡ 45ಕ್ಕಿಂತ ಹೆಚ್ಚು. ತಟ್ಟೆಯಲ್ಲಿ ಇರುವ ಖನಿಜ ರಕ್ತಕ್ಕೆ ಏಕೆ ಸೇರುತ್ತಿಲ್ಲ, ಸೇರುವಂತೆ ಮಾಡುವುದು ಹೇಗೆ ಎಂಬುದನ್ನು ಈ ವಾರ ನೋಡೋಣ.

ಚಿಟಿಕೆಯಷ್ಟು, ಆದರೂ ಬೇಕೇ ಬೇಕು

ನಮ್ಮ ದೇಹಕ್ಕೆ ಕೆಲವು ಖನಿಜಗಳು ಹೆಚ್ಚು ಪ್ರಮಾಣದಲ್ಲಿ ಬೇಕು. ಮೂಳೆಗೆ ಬೇಕಾದ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ಅಂಥದ್ದು. ಇನ್ನು ಕೆಲವು ಅತ್ಯಲ್ಪ ಪ್ರಮಾಣದಲ್ಲಿ ಸಾಕು. ಇವನ್ನು ಸೂಕ್ಷ್ಮ ಖನಿಜಗಳೆಂದು ಕರೆಯುತ್ತೇವೆ. ಕಬ್ಬಿಣ, ಸತು, ಅಯೋಡಿನ್, ತಾಮ್ರ, ಸೆಲೆನಿಯಂ ಈ ಗುಂಪಿಗೆ ಸೇರಿದವು. ಆರೋಗ್ಯವಂತ ಹೆಂಗಸಿನ ಇಡೀ ದೇಹದಲ್ಲಿರುವ ಕಬ್ಬಿಣವನ್ನೆಲ್ಲ ಒಟ್ಟುಗೂಡಿಸಿದರೆ ಎರಡೂವರೆ, ಮೂರು ಗ್ರಾಂ ಆದೀತು. ಒಂದು ಸಣ್ಣ ಮೊಳೆಯಷ್ಟು. ಅಯೋಡಿನ್ ಅಂತೂ 20 ಮಿಲಿಗ್ರಾಂ ಸಹ ಇರುವುದಿಲ್ಲ.

ಪ್ರಮಾಣ ಚಿಕ್ಕದಾದರೂ ಇವುಗಳ ಕೆಲಸ ದೊಡ್ಡದು. ಕಬ್ಬಿಣವಿಲ್ಲದೆ ಹಿಮೋಗ್ಲೋಬಿನ್ ತಯಾರಾಗದು. ಹಿಮೋಗ್ಲೋಬಿನ್ ಇಲ್ಲದೆ ರಕ್ತ ಆಮ್ಲಜನಕವನ್ನು ಹೊರಲಾರದು. ಸತುವಿಲ್ಲದೆ ಜೀವಕೋಶಗಳು ಸರಿಯಾಗಿ ವಿಭಜನೆಯಾಗುವುದಿಲ್ಲ. ಅಯೋಡಿನ್ ಇಲ್ಲದಿದ್ದರೆ ಥೈರಾಯ್ಡ್ ಗ್ರಂಥಿ ತನ್ನ ಹಾರ್ಮೋನು ತಯಾರಿಸಲಾರದು. ಆ ಹಾರ್ಮೋನು ಇಲ್ಲದೆ ಮಗುವಿನ ಮೆದುಳು ಸರಿಯಾಗಿ ಬೆಳೆಯಲಾರದು. ಗರ್ಭದ ಒಂಬತ್ತು ತಿಂಗಳಲ್ಲಿ ಒಂದೇ ಒಂದು ಕೋಶದಿಂದ ಪೂರ್ಣ ಮಗುವಾಗುತ್ತದೆ. ಆದ್ದರಿಂದ ಈ ಖನಿಜಗಳು ಬದುಕಿನ ಬೇರಾವ ಕಾಲಕ್ಕಿಂತಲೂ ಈ ಕಾಲದಲ್ಲಿ ಮುಖ್ಯ.

ಲೆಕ್ಕ ಹಾಕಿ ನೋಡೋಣ

ಒಂದು ಬಸಿರಿಗೆ ಒಟ್ಟು ಸುಮಾರು 1000 ಮಿಲಿಗ್ರಾಂ ಕಬ್ಬಿಣ ಬೇಕು. ಇದರಲ್ಲಿ ಸುಮಾರು 300 ಮಿಲಿಗ್ರಾಂ ಮಗು ಮತ್ತು ಮಾಸಿಗೆ. ತಾಯಿಯ ಮೈಯಲ್ಲಿ ಹೆಚ್ಚುವ ಕೆಂಪು ರಕ್ತಕಣಗಳಿಗೆ ಸುಮಾರು 500. ಉಳಿದದ್ದು ದಿನನಿತ್ಯ ಚರ್ಮ, ಕರುಳಿನ ಮೂಲಕ ಆಗುವ ಸವಕಳಿಗೆ. ಇದನ್ನು 280 ದಿನಗಳಿಗೆ ಹಂಚಿದರೆ ದಿನಕ್ಕೆ ಸರಾಸರಿ ಮೂರೂವರೆ ಮಿಲಿಗ್ರಾಂ ಆಯಿತು. ಮೊದಲ ತಿಂಗಳುಗಳಲ್ಲಿ ಇದು ಕಡಿಮೆ. ಕೊನೆಯ ತಿಂಗಳುಗಳಲ್ಲಿ ಆರು ಮಿಲಿಗ್ರಾಂವರೆಗೂ ಏರುತ್ತದೆ. ನೆನಪಿಡಿ, ಇದು ತಿನ್ನಬೇಕಾದ ಕಬ್ಬಿಣವಲ್ಲ, ರಕ್ತಕ್ಕೆ ಸೇರಬೇಕಾದ ಕಬ್ಬಿಣ.

ಈಗ ನಮ್ಮ ತಟ್ಟೆಯ ಕಡೆ ಬರೋಣ. ನೂರು ಗ್ರಾಂ ಜೋಳದಲ್ಲಿ ಸುಮಾರು 4 ಮಿಲಿಗ್ರಾಂ ಕಬ್ಬಿಣವಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಇರುವುದಕ್ಕಿಂತ ಇದು ಎಷ್ಟೋ ಹೆಚ್ಚು. ನಮ್ಮ ತೊಗರಿ ಬೇಳೆಯಲ್ಲಿ ಮೂರರಿಂದ ನಾಲ್ಕು ಮಿಲಿಗ್ರಾಂ. ದಿನಕ್ಕೆ ನಾಲ್ಕು ರೊಟ್ಟಿ, ಬೇಳೆ, ಒಂದಿಷ್ಟು ಸೊಪ್ಪಿನ ಪಲ್ಯ ತಿಂದವಳ ಹೊಟ್ಟೆಗೆ 15 ಮಿಲಿಗ್ರಾಂನಷ್ಟು ಕಬ್ಬಿಣ ಹೋಗುತ್ತದೆ ಎನ್ನೋಣ. ಆದರೆ ಕಾಳುಕಡಿ, ಸೊಪ್ಪಿನಲ್ಲಿರುವ ಕಬ್ಬಿಣದಲ್ಲಿ ಕರುಳು ಹೀರಿಕೊಳ್ಳುವುದು ನೂರಕ್ಕೆ ಐದರಿಂದ ಎಂಟು ಪಾಲು ಮಾತ್ರ. ಅಂದರೆ 15 ಮಿಲಿಗ್ರಾಂ ತಿಂದರೆ ರಕ್ತಕ್ಕೆ ಸೇರುವುದು ಒಂದು ಮಿಲಿಗ್ರಾಂನ ಆಸುಪಾಸು. ಗರ್ಭಿಣಿಯ ಕರುಳು ಅಗತ್ಯಕ್ಕೆ ತಕ್ಕಂತೆ ಸ್ವಲ್ಪ ಹೆಚ್ಚು ಹೀರಲು ಪ್ರಯತ್ನಿಸುತ್ತದೆ, ನಿಜ. ಆದರೂ ಬೇಕಾದ ನಾಲ್ಕೈದು ಮಿಲಿಗ್ರಾಂ ತಲುಪುವುದು ಊಟದಿಂದಲೇ ಸಾಧ್ಯವಿಲ್ಲ.

ಹೀಗಿರುವಾಗ ಮಗು ಕಾಯುವುದಿಲ್ಲ. ತಾಯಿಯ ಮೈಯಲ್ಲಿ ಕೂಡಿಟ್ಟ ಕಬ್ಬಿಣವನ್ನು ಅದು ಎಳೆದುಕೊಳ್ಳುತ್ತದೆ. ನಮ್ಮ ಕಡೆ ಬಹಳ ಹುಡುಗಿಯರು ಮದುವೆಗೆ ಮೊದಲೇ ಮುಟ್ಟಿನ ರಕ್ತಸ್ರಾವದಿಂದ ಈ ಕೂಡಿಟ್ಟದ್ದನ್ನು ಖಾಲಿ ಮಾಡಿಕೊಂಡಿರುತ್ತಾರೆ. ಒಂದು ಹೆರಿಗೆಗೂ ಇನ್ನೊಂದಕ್ಕೂ ನಡುವೆ ಅಂತರವಿಲ್ಲದಿದ್ದರೆ ಕೇಳುವುದೇ ಬೇಡ. ಅತ್ತೆಯ ಮಾತು ನಿಜ, ಸೊಸೆಯ ರಕ್ತದ ಅಂಕಿಯೂ ನಿಜ ಎಂದೆನಲ್ಲ, ಕಾರಣ ಇಷ್ಟೇ.

ದಾರಿಯಲ್ಲಿ ತಡೆಯುವವರು

ಕಬ್ಬಿಣ ಮತ್ತು ಸತು ಕರುಳಿನಲ್ಲಿ ಹೀರಲ್ಪಡದಂತೆ ತಡೆಯುವ ಸಂಗತಿಗಳು ಮುಖ್ಯವಾಗಿ ಮೂರು.

ಮೊದಲನೆಯದು ಫೈಟೇಟ್ ಎಂಬ ವಸ್ತು. ಜೋಳ, ಸಜ್ಜೆ, ಗೋಧಿ, ಬೇಳೆಕಾಳುಗಳ ಹೊರಪದರದಲ್ಲಿ ಮತ್ತು ಮೊಳಕೆಯ ಭಾಗದಲ್ಲಿ ಇದು ಇರುತ್ತದೆ. ಬೀಜ ತನ್ನ ಮುಂದಿನ ಮೊಳಕೆಗಾಗಿ ಖನಿಜವನ್ನು ಕಟ್ಟಿಟ್ಟುಕೊಳ್ಳುವ ಗಂಟು ಇದು. ಆ ಗಂಟು ಬಿಚ್ಚದೆ ನಮ್ಮ ಕರುಳಿಗೆ ಬಂದರೆ ಖನಿಜವೂ ಗಂಟಿನೊಳಗೇ ಉಳಿದು ಹೊರಗೆ ಹೋಗುತ್ತದೆ. ರೊಟ್ಟಿಯ ಹಿಟ್ಟನ್ನು ನಾವು ಬಿಸಿನೀರಿನಲ್ಲಿ ನಾದಿ ಕೂಡಲೇ ಬಡಿದು ಬೇಯಿಸುವುದರಿಂದ ಗಂಟು ಬಿಚ್ಚಲು ಸಮಯವೇ ಸಿಗುವುದಿಲ್ಲ. ಕೆಂಪು ಜೋಳದಲ್ಲಿ ಇದರ ಜೊತೆಗೆ ಟ್ಯಾನಿನ್ ಎಂಬ ಒಗರು ಪದಾರ್ಥವೂ ಹೆಚ್ಚು. ನಮ್ಮ ಬಿಳಿ ಜೋಳದಲ್ಲಿ ಅದು ಕಡಿಮೆ ಎಂಬುದು ಸಮಾಧಾನ.

ಎರಡನೆಯದು ಚಹಾ. ಊಟದ ಜೊತೆಗೆ ಅಥವಾ ಊಟವಾದ ಕೂಡಲೇ ಕುಡಿದ ಒಂದು ಕಪ್ ಚಹಾ ಆ ಊಟದ ಕಬ್ಬಿಣದಲ್ಲಿ ಅರ್ಧಕ್ಕೂ ಹೆಚ್ಚನ್ನು ಹೀರಿಕೊಳ್ಳದಂತೆ ಮಾಡಬಲ್ಲದು. ಬೆಳಗಿನ ರೊಟ್ಟಿಯನ್ನು ಚಹಾದಲ್ಲಿ ಅದ್ದಿ ತಿನ್ನುವ ಮನೆಗಳು ನಮ್ಮಲ್ಲಿ ಬಹಳ. ಗರ್ಭಿಣಿಯಾದವಳು ಈ ಒಂದು ಅಭ್ಯಾಸ ಬಿಟ್ಟರೂ ಲಾಭವಿದೆ.

ಮೂರನೆಯದು ಕೊಕ್ಕೆಹುಳು. ಬಯಲು ಶೌಚವಿರುವ ಹೊಲಗಳಲ್ಲಿ ಬರಿಗಾಲಿನಲ್ಲಿ ಓಡಾಡಿದಾಗ ಇದರ ಮರಿಗಳು ಪಾದದ ಚರ್ಮದ ಮೂಲಕ ಒಳಸೇರಿ ಕೊನೆಗೆ ಕರುಳಿಗೆ ಅಂಟಿಕೊಂಡು ರಕ್ತ ಹೀರುತ್ತವೆ. ಇದು ಸೋರುವ ಕೊಡಕ್ಕೆ ನೀರು ತುಂಬಿದ ಹಾಗೆ. ಆದ್ದರಿಂದಲೇ ಗರ್ಭದ ಮೊದಲ ಮೂರು ತಿಂಗಳು ಕಳೆದ ಮೇಲೆ ಒಂದು ಸಲ 400 ಮಿಲಿಗ್ರಾಂ ಆಲ್ಬೆಂಡಜೋಲ್ ಗುಳಿಗೆಯನ್ನು ಸರ್ಕಾರಿ ಆರೋಗ್ಯ ಕಾರ್ಯಕ್ರಮದಲ್ಲಿ ಕೊಡಲಾಗುತ್ತದೆ. ಮೊದಲ ಮೂರು ತಿಂಗಳಲ್ಲಿ ಮಾತ್ರ ಅದನ್ನು ತೆಗೆದುಕೊಳ್ಳಬಾರದು.

ಇವುಗಳ ಜೊತೆಗೆ ನೀರಿನ ವಿಷಯವನ್ನೂ ಒಂದು ಮಾತಿನಲ್ಲಿ ಹೇಳಬೇಕು. ಕಲಬುರಗಿ ಜಿಲ್ಲೆಯ ಕೆಲವು ಊರುಗಳ ಕೊಳವೆ ಬಾವಿಗಳಲ್ಲಿ ಫ್ಲೋರೈಡ್ ಮಿತಿಗಿಂತ ಹೆಚ್ಚಿದೆ. ಒಂದು ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಲು ಯೋಗ್ಯವಲ್ಲ. ಫ್ಲೋರೈಡ್ ಕರುಳಿನ ಒಳಪದರವನ್ನು ಹಾಳು ಮಾಡುತ್ತದೆ. ದೆಹಲಿಯಲ್ಲಿ ಡಾ. ಎ. ಕೆ. ಸುಶೀಲಾ ಮತ್ತು ಸಂಗಡಿಗರು ರಕ್ತಹೀನ ಗರ್ಭಿಣಿಯರಿಗೆ ಫ್ಲೋರೈಡ್ ಕಡಿಮೆ ಇರುವ ನೀರು, ಆಹಾರ ಕೊಟ್ಟು ನೋಡಿದಾಗ ಹಿಮೋಗ್ಲೋಬಿನ್ ಏರಿದ್ದನ್ನು 2010ರಲ್ಲಿ ಪ್ರಕಟಿಸಿದರು. ಗುಳಿಗೆ ಸರಿಯಾಗಿ ನುಂಗಿದರೂ ರಕ್ತ ಏರದಿದ್ದರೆ ಮನೆಯ ನೀರನ್ನು ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಮಣ್ಣು ತಿನ್ನುವುದು ಬಯಕೆಯೇ, ಬೇನೆಯೇ?

ಗರ್ಭಿಣಿಗೆ ಹುಳಿ, ಮಾವಿನಕಾಯಿ, ಹುಣಸೆ ಬಯಕೆಯಾಗುವುದು ಸಹಜ. ಆದರೆ ಮಣ್ಣು, ಗೋಡೆಯ ಸುಣ್ಣ, ಬಳಪ, ಬೂದಿ, ಹಸಿ ಅಕ್ಕಿ ತಿನ್ನಬೇಕೆನಿಸಿದರೆ ಅದನ್ನು ಬಯಕೆ ಎಂದು ನಕ್ಕು ಬಿಡಬಾರದು. ಬಹಳ ಸಲ ಅದು ಕಬ್ಬಿಣದ ಕೊರತೆಯ ಲಕ್ಷಣ. ಮಣ್ಣು ತಿಂದರೆ ಕೊರತೆ ತೀರುವುದಿಲ್ಲ. ಕೆಲವು ಮಣ್ಣು ಕರುಳಿನಲ್ಲಿ ಕಬ್ಬಿಣ ಮತ್ತು ಸತುವನ್ನು ಹಿಡಿದಿಟ್ಟುಕೊಂಡು ಕೊರತೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಹುಳುವಿನ ಮೊಟ್ಟೆಗಳೂ ಅದರ ಜೊತೆಗೇ ಹೊಟ್ಟೆ ಸೇರುತ್ತವೆ.

ಸತು ಮನುಷ್ಯನಿಗೆ ಎಷ್ಟು ಮುಖ್ಯ ಎಂಬುದು ತಿಳಿದದ್ದೂ ಮಣ್ಣು ತಿನ್ನುವ ರೋಗಿಯೊಬ್ಬನಿಂದಲೇ. ಬಿಹಾರದಲ್ಲಿ ಹುಟ್ಟಿದ ಡಾ. ಆನಂದ ಪ್ರಸಾದ್ 1958ರಲ್ಲಿ ಇರಾನಿನ ಶಿರಾಜ್ ನಗರದಲ್ಲಿದ್ದಾಗ 21 ವರ್ಷದ ಯುವಕನೊಬ್ಬನನ್ನು ನೋಡಿದರು. ನೋಡಲು ಆತ ಹತ್ತು ವರ್ಷದ ಬಾಲಕನಂತಿದ್ದ. ತೀವ್ರ ರಕ್ತಹೀನತೆಯಿತ್ತು. ಆತನ ಆಹಾರ ಹೆಚ್ಚಾಗಿ ಗೋಧಿಯ ರೊಟ್ಟಿ; ಜೊತೆಗೆ ಮಣ್ಣು ತಿನ್ನುವ ಚಟ. ಬರೀ ಕಬ್ಬಿಣದ ಕೊರತೆ ಮೈ ಬೆಳವಣಿಗೆಯನ್ನು ಇಷ್ಟು ಕುಂಠಿಸಲಾರದು ಎಂದು ಅವರಿಗೆ ಅನುಮಾನ ಬಂತು. ಮುಂದೆ ಈಜಿಪ್ಟಿನಲ್ಲಿ ಇಂಥ ರೋಗಿಗಳನ್ನು ಅಭ್ಯಾಸ ಮಾಡಿ, 1963ರ ಹೊತ್ತಿಗೆ ಮನುಷ್ಯರಲ್ಲೂ ಸತುವಿನ ಕೊರತೆ ಉಂಟಾಗುತ್ತದೆ ಎಂದು ತೋರಿಸಿಕೊಟ್ಟರು. ಧಾನ್ಯವೇ ಮುಖ್ಯವಾದ ಊಟ, ಅದರ ಫೈಟೇಟ್, ಮೇಲೆ ಮಣ್ಣು: ನನ್ನ ದವಾಖಾನೆಗೆ ಬಂದ ಹುಡುಗಿಯ ಕಥೆಯೂ ಇದೇ ಅಲ್ಲವೇ?

ಕಬ್ಬಿಣ ಕಡಿಮೆಯಾದಲ್ಲಿ ಸತುವೂ ಕಡಿಮೆಯಾಗಿರುವುದು ಸಾಮಾನ್ಯ. ಹರಿಯಾಣದ ಗ್ರಾಮೀಣ ಪ್ರದೇಶವೊಂದರ ಗರ್ಭಿಣಿಯರನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ ಸುಮಾರು 73 ಮಂದಿಯಲ್ಲಿ ಕಬ್ಬಿಣದ ಕೊರತೆ, ಅಷ್ಟೇ ಪ್ರಮಾಣದಲ್ಲಿ ಸತುವಿನ ಕೊರತೆ ಕಂಡುಬಂದಿತ್ತು. ತಾಮ್ರದ ಕೊರತೆ ಮಾತ್ರ ನೂರಕ್ಕೆ ಮೂವರಲ್ಲೂ ಇರಲಿಲ್ಲ. ಹಾಗೆಂದು ಎಲ್ಲ ಗರ್ಭಿಣಿಯರೂ ಸತುವಿನ ಗುಳಿಗೆ ನುಂಗಬೇಕೆಂದಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಹಾಗೆ ಶಿಫಾರಸು ಮಾಡಿಲ್ಲ. ಅಡುಗೆಯಲ್ಲಿ ಕಬ್ಬಿಣಕ್ಕಾಗಿ ಮಾಡುವ ತಿದ್ದುಪಡಿಯೇ ಬಹುಮಟ್ಟಿಗೆ ಸತುವಿಗೂ ಆಗುತ್ತದೆ.

ಉಪ್ಪಿನ ಡಬ್ಬಿಯಲ್ಲಿರುವ ಅಯೋಡಿನ್

ಗರ್ಭದ ಮೊದಲ ಮೂರು ತಿಂಗಳು ಮಗುವಿನ ಥೈರಾಯ್ಡ್ ಕೆಲಸ ಮಾಡುವುದಿಲ್ಲ. ತಾಯಿಯ ಹಾರ್ಮೋನೇ ಆಧಾರ. ಆಗ ಅಯೋಡಿನ್ ತೀರ ಕಡಿಮೆಯಾದರೆ ಮಗುವಿನ ಬುದ್ಧಿಶಕ್ತಿಗೆ ಆಗುವ ನಷ್ಟವನ್ನು ಮುಂದೆ ತುಂಬಿಕೊಡಲಾಗದು. ಗರ್ಭಿಣಿಗೆ ದಿನಕ್ಕೆ 250 ಮೈಕ್ರೋಗ್ರಾಂ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಊಟಕ್ಕೆ ಬಳಸುವ ಉಪ್ಪಿಗೆ ಅಯೋಡಿನ್ ಬೆರೆಸದೆ ಮಾರುವುದನ್ನು ನಮ್ಮ ದೇಶದಲ್ಲಿ 2006ರಲ್ಲಿ ನಿಷೇಧಿಸಲಾಯಿತು. ಆದರೂ ಸಂತೆಯಲ್ಲಿ ಚೀಲದಿಂದ ಅಳೆದು ಕೊಡುವ ದಪ್ಪ ಉಪ್ಪಿನಲ್ಲಿ ಅಯೋಡಿನ್ ಇದೆಯೆಂದು ನಂಬುವಂತಿಲ್ಲ. ಆದ್ದರಿಂದ ಅಯೋಡಿನ್ ಉಪ್ಪು ಎಂದು ಮುದ್ರಿಸಿದ ಪೊಟ್ಟಣವನ್ನೇ ಕೊಳ್ಳಿ. ಮುಚ್ಚಳವಿರುವ ಡಬ್ಬಿಯಲ್ಲಿ, ಒಲೆಯಿಂದ ದೂರ ಇಡಿ. ಅಡುಗೆ ಇಳಿಸುವ ಹೊತ್ತಿಗೆ ಉಪ್ಪು ಹಾಕಿ. ಹೆಚ್ಚು ಅಯೋಡಿನ್ ಸಿಗಲೆಂದು ಹೆಚ್ಚು ಉಪ್ಪು ಮಾತ್ರ ತಿನ್ನಬೇಡಿ. ಅದು ರಕ್ತದೊತ್ತಡಕ್ಕೆ ದಾರಿ. ಹಾಲು, ಮೊಸರು, ಮೊಟ್ಟೆಯಿಂದಲೂ ಸ್ವಲ್ಪ ಅಯೋಡಿನ್ ದೊರೆಯುತ್ತದೆ.

ವರದಿಯ ಅಂಕಿ ನೋಡಿ ಗಾಬರಿ ಬೇಡ

ಇತ್ತೀಚೆಗೆ ಕೆಲವರು ನಗರದ ಲ್ಯಾಬುಗಳಲ್ಲಿ ಸತು, ತಾಮ್ರ, ಸೆಲೆನಿಯಂ ಎಲ್ಲವನ್ನೂ ಪರೀಕ್ಷಿಸಿಕೊಂಡು ವರದಿ ಹಿಡಿದು ಗಾಬರಿಯಿಂದ ಬರುತ್ತಾರೆ. ಒಂದು ಮಾತು ತಿಳಿದಿರಲಿ. ಗರ್ಭ ನಿಂತ ಮೇಲೆ ರಕ್ತದಲ್ಲಿನ ದ್ರವಭಾಗ ಶೇಕಡ 40ರಿಂದ 50ರಷ್ಟು ಹೆಚ್ಚುತ್ತದೆ. ಸಾರಿಗೆ ನೀರು ಬೆರೆಸಿದರೆ ಖಾರ ತಗ್ಗಿದಂತೆ ಇದರಿಂದ ಸತುವಿನ ಅಂಕಿ ತಾನಾಗಿಯೇ ಇಳಿಯುತ್ತದೆ. ತಾಮ್ರದ ಅಂಕಿ ಇದಕ್ಕೆ ವಿರುದ್ಧವಾಗಿ ಏರುತ್ತದೆ. ಹಾರ್ಮೋನಿನ ಪ್ರಭಾವದಿಂದ ತಾಮ್ರವನ್ನು ಹೊರುವ ಪ್ರೋಟೀನು ಹೆಚ್ಚುವುದೇ ಕಾರಣ. ಗರ್ಭಿಣಿಯಲ್ಲದವರ ಮಿತಿಗೆ ಹೋಲಿಸಿ ಮುದ್ರಿಸಿದ ವರದಿ ಇವೆರಡನ್ನೂ ದೋಷವೆಂದು ತೋರಿಸಬಹುದು. ಸಾಮಾನ್ಯ ಗರ್ಭಿಣಿಗೆ ಈ ದುಬಾರಿ ಪರೀಕ್ಷೆಗಳ ಅಗತ್ಯವಿಲ್ಲ.

ಅಗತ್ಯವಾದದ್ದು ಹಿಮೋಗ್ಲೋಬಿನ್ ಪರೀಕ್ಷೆ. 11 ಗ್ರಾಂಗಿಂತ ಕಡಿಮೆಯಾದರೆ ರಕ್ತಹೀನತೆ. ನಡುವಿನ ಮೂರು ತಿಂಗಳಲ್ಲಿ ರಕ್ತ ತೆಳುವಾಗುವ ಕಾರಣ ವಿಶ್ವ ಆರೋಗ್ಯ ಸಂಸ್ಥೆ ಈ ಮಿತಿಯನ್ನು 10.5ಕ್ಕೆ ಇಳಿಸಿದೆ. 7ರಿಂದ 9.9 ಮಧ್ಯಮ, 7ಕ್ಕಿಂತ ಕಡಿಮೆಯಾದರೆ ತೀವ್ರ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ಅಡಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇದೆ. ಆ ದಿನ ಈ ಪರೀಕ್ಷೆಯನ್ನು ಮರೆಯದೆ ಮಾಡಿಸಿಕೊಳ್ಳಿ.

ಅಡುಗೆ ಮನೆಯಲ್ಲಿ ಮಾಡಬಹುದಾದದ್ದು

ಜೋಳದ ರೊಟ್ಟಿ ಬಿಡಬೇಕೇ ಎಂದು ಕೇಳುವವರಿದ್ದಾರೆ. ಖಂಡಿತ ಬೇಡ. ರೊಟ್ಟಿ ಬಿಟ್ಟು ಬಿಳಿ ಅನ್ನ ಹಿಡಿದರೆ ಇದ್ದ ಕಬ್ಬಿಣವೂ ಹೋಯಿತು. ರೊಟ್ಟಿಯ ಜೊತೆಗೆ ಏನಿದೆ ಎಂಬುದನ್ನು ನೋಡಿಕೊಂಡರೆ ಸಾಕು.

ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು ಈ ವಿಷಯದಲ್ಲಿ ಉಪಯುಕ್ತವಾದ ಕೆಲಸ ಮಾಡಿದ್ದಾರೆ. ಕಾಳುಗಳನ್ನು ಮೊಳಕೆ ಬರಿಸುವುದು, ಹಿಟ್ಟನ್ನು ಹುಳಿ ಬರಿಸುವುದು ಅವುಗಳಲ್ಲಿನ ಕಬ್ಬಿಣ, ಸತುವಿನ ಮೇಲೆ ಏನು ಪರಿಣಾಮ ಮಾಡುತ್ತದೆ ಎಂದು 2007ರಲ್ಲಿ ಪ್ರಕಟಿಸಿದರು. 2010ರಲ್ಲಿ ಉಳ್ಳಾಗಡ್ಡಿ ಮತ್ತು ಬೆಳ್ಳುಳ್ಳಿ ಜೊತೆಗಿದ್ದರೆ ಧಾನ್ಯ, ಬೇಳೆಗಳಲ್ಲಿನ ಈ ಎರಡೂ ಖನಿಜಗಳು ಹೆಚ್ಚು ಬಿಡುಗಡೆಯಾಗುತ್ತವೆ ಎಂದು ತೋರಿಸಿದರು. ಇವು ಪ್ರಯೋಗಾಲಯದಲ್ಲಿ ನಡೆದ ಪರೀಕ್ಷೆಗಳು. ಆದರೂ ರೊಟ್ಟಿಯ ಜೊತೆ ಹಸಿ ಉಳ್ಳಾಗಡ್ಡಿ ಕಚ್ಚಿ ತಿನ್ನುವ, ಬೆಳ್ಳುಳ್ಳಿ ಹಾಕಿ ಶೇಂಗಾ ಹಿಂಡಿ ಕುಟ್ಟುವ ನಮ್ಮ ಪದ್ಧತಿ ಒಳ್ಳೆಯದೇ ಎಂಬುದಕ್ಕೆ ಇದು ಬೆಂಬಲ.

ಮನೆಯಲ್ಲಿ ಪಾಲಿಸಬಹುದಾದ ಕೆಲವು ಕ್ರಮಗಳು ಹೀಗಿವೆ:

ಊಟಕ್ಕೆ ಕುಳಿತಾಗ ಬೇಳೆ, ಪಲ್ಯದ ಮೇಲೆ ನಿಂಬೆಹಣ್ಣು ಹಿಂಡಿಕೊಳ್ಳಿ. ಪೇರಲ, ಬೆಟ್ಟದ ನೆಲ್ಲಿ, ಟೊಮೆಟೊ ಯಾವುದಾದರೂ ಸರಿ. ಇವುಗಳಲ್ಲಿನ ಸಿ ಜೀವಸತ್ವ ಕಬ್ಬಿಣವನ್ನು ಕರುಳು ಹೀರುವ ರೂಪಕ್ಕೆ ತರುತ್ತದೆ. ಕುದಿಸಿದರೆ ಈ ಜೀವಸತ್ವ ಬಹುಪಾಲು ನಾಶವಾಗುವುದರಿಂದ ನಿಂಬೆಯನ್ನು ತಟ್ಟೆಯಲ್ಲೇ ಹಿಂಡಬೇಕು.

ಹೆಸರು, ಮಡಕಿ, ಕಡಲೆ ಮುಂತಾದ ಕಾಳುಗಳನ್ನು ಮೊಳಕೆ ಬರಿಸಿ ಪಲ್ಯ ಮಾಡಿ. ಜೋಳದ ಹಿಟ್ಟನ್ನು ರಾತ್ರಿಯಿಡೀ ಹುಳಿ ಬರಿಸಿ ಮಾಡುವ ಅಂಬಲಿ ಬಡವರ ಊಟವೆಂದು ತಾತ್ಸಾರ ಬೇಡ. ಮೊಳಕೆ ಬಂದಾಗ, ಹುಳಿ ಬಂದಾಗ ಫೈಟೇಟಿನ ಗಂಟು ತಕ್ಕಮಟ್ಟಿಗೆ ಬಿಚ್ಚುತ್ತದೆ.

ಪುಂಡಿ ಪಲ್ಯ, ಹುಣಸೆ ಹಾಕಿದ ಸಾರಿನಂಥ ಹುಳಿ ಪದಾರ್ಥಗಳನ್ನು ಕಬ್ಬಿಣದ ಬಾಣಲೆಯಲ್ಲಿ ಬೇಯಿಸಿದರೆ ಪಾತ್ರೆಯ ಕಬ್ಬಿಣವೂ ಸ್ವಲ್ಪ ಇಳಿಯುತ್ತದೆ.

ಎಳ್ಳಮವಾಸ್ಯೆಗೆ ಮಾಡುವ ಸಜ್ಜೆ ರೊಟ್ಟಿ, ಹಲವು ಕಾಳು ತರಕಾರಿ ಸೇರಿಸಿದ ಭಜ್ಜಿಯನ್ನು ಆ ಒಂದು ದಿನಕ್ಕೆ ಮೀಸಲಿಡಬೇಡಿ. ಸಜ್ಜೆಯಲ್ಲಿ ಜೋಳಕ್ಕಿಂತ ಹೆಚ್ಚು ಕಬ್ಬಿಣವೂ ಸತುವೂ ಇವೆ. ಹೊಲವಿರುವವರಿಗೆ ಇನ್ನೊಂದು ಮಾಹಿತಿ: ನೆರೆಯ ಮರಾಠವಾಡದ ಪರಭಣಿ ಕೃಷಿ ವಿಶ್ವವಿದ್ಯಾಲಯ 2018ರಲ್ಲಿ ಕಬ್ಬಿಣ ಮತ್ತು ಸತು ಹೆಚ್ಚಿರುವ 'ಪರಭಣಿ ಶಕ್ತಿ' ಎಂಬ ಜೋಳದ ತಳಿಯನ್ನು ಬಿಡುಗಡೆ ಮಾಡಿದೆ.

ಮಾಂಸಾಹಾರಿಗಳು ವಾರಕ್ಕೆ ಎರಡು ಸಲ ಸ್ವಲ್ಪ ಮಾಂಸ ಅಥವಾ ಮೀನು ತಿಂದರೂ ಪ್ರಯೋಜನವಿದೆ. ಅದರ ಕಬ್ಬಿಣ ಸುಲಭವಾಗಿ ರಕ್ತಕ್ಕೆ ಸೇರುವುದಲ್ಲದೆ ಜೊತೆಯ ರೊಟ್ಟಿಯ ಕಬ್ಬಿಣವನ್ನೂ ಎಳೆದುಕೊಂಡು ಹೋಗುತ್ತದೆ.

ಚಹಾವನ್ನು ಊಟಕ್ಕೆ ಒಂದು ಗಂಟೆ ಮೊದಲು ಇಲ್ಲವೇ ಎರಡು ಗಂಟೆ ನಂತರ ಕುಡಿಯಿರಿ.

ಗುಳಿಗೆಯ ಬಗ್ಗೆ ಕೇಳುವ ಪ್ರಶ್ನೆಗಳು

ಇಷ್ಟೆಲ್ಲ ಮಾಡಿದರೂ ಮೇಲೆ ಹಾಕಿದ ಲೆಕ್ಕದ ಪ್ರಕಾರ ಊಟವೊಂದೇ ಸಾಲದು. ಅದಕ್ಕೇ ನಮ್ಮ ದೇಶದಲ್ಲಿ 1970ರಿಂದಲೂ ಗರ್ಭಿಣಿಯರಿಗೆ ಕಬ್ಬಿಣದ ಗುಳಿಗೆ ಕೊಡುವ ಕಾರ್ಯಕ್ರಮವಿದೆ. 2018ರಲ್ಲಿ ಆರಂಭವಾದ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಗುಳಿಗೆಯೊಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ. ಹೆರಿಗೆಯ ನಂತರ ಮತ್ತೆ 180 ದಿನ. ರಕ್ತಹೀನತೆ ಇದ್ದವರಿಗೆ ವೈದ್ಯರು ದಿನಕ್ಕೆ ಎರಡು ಹೇಳುತ್ತಾರೆ.

ಗುಳಿಗೆ ನುಂಗಿದರೆ ಮಗು ದಪ್ಪವಾಗುತ್ತದೆಯೇ? ಹೆರಿಗೆ ಕಷ್ಟವಾಗುವಷ್ಟು ದಪ್ಪ ಮಗು ಕಬ್ಬಿಣದಿಂದ ಆಗುವುದಿಲ್ಲ. ರಕ್ತಹೀನ ತಾಯಿಗೆ ತೂಕ ಕಡಿಮೆಯ, ದಿನ ತುಂಬದ ಮಗು ಹುಟ್ಟುವ ಸಂಭವ ಹೆಚ್ಚು. ಭಯಪಡಬೇಕಾದದ್ದು ಅದಕ್ಕೆ.

ಮಗು ಕಪ್ಪಾಗುತ್ತದೆಯೇ? ಇಲ್ಲ. ಕಪ್ಪಾಗುವುದು ತಾಯಿಯ ಮಲ. ಹೀರದೆ ಉಳಿದ ಕಬ್ಬಿಣ ಹೊರಹೋಗುವ ಬಣ್ಣವದು, ಅದರಿಂದ ತೊಂದರೆಯಿಲ್ಲ.

ಹೊಟ್ಟೆ ತೊಳಸುತ್ತದೆ, ಮಲಬದ್ಧತೆಯಾಗುತ್ತದೆ, ಏನು ಮಾಡಬೇಕು? ರಾತ್ರಿ ಊಟವಾದ ಮೇಲೆ ನುಂಗಿ ಮಲಗಿರಿ. ನೀರು, ಸೊಪ್ಪು, ಹಣ್ಣು ಹೆಚ್ಚಿಸಿ. ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಹೊಂದಿಕೊಳ್ಳುತ್ತದೆ. ಆಗಲೂ ತೊಂದರೆಯಾದರೆ ವೈದ್ಯರಿಗೆ ಹೇಳಿ, ಬೇರೆ ಬಗೆಯ ಗುಳಿಗೆ ಇವೆ. ಹೇಳದೆ ಡಬ್ಬಿಯಲ್ಲಿ ಕೂಡಿಡಬೇಡಿ.

ಕ್ಯಾಲ್ಸಿಯಂ ಗುಳಿಗೆಯನ್ನೂ ಕೊಟ್ಟಿದ್ದಾರೆ, ಎರಡನ್ನೂ ಒಟ್ಟಿಗೆ ನುಂಗಬಹುದೇ? ಬಾರದು. ಕ್ಯಾಲ್ಸಿಯಂ ಕಬ್ಬಿಣಕ್ಕೆ ಅಡ್ಡಬರುತ್ತದೆ. ಕ್ಯಾಲ್ಸಿಯಂ ಬೆಳಿಗ್ಗೆ ತಿಂಡಿಯೊಂದಿಗೆ ಅಥವಾ ಮಧ್ಯಾಹ್ನದ ಊಟದೊಂದಿಗೆ, ಕಬ್ಬಿಣ ರಾತ್ರಿ. ಕಬ್ಬಿಣದ ಗುಳಿಗೆಯನ್ನು ಹಾಲು, ಚಹಾದ ಜೊತೆ ನುಂಗಬೇಡಿ. ನೀರು ಅಥವಾ ನಿಂಬೆ ಪಾನಕ ಉತ್ತಮ. ಕ್ಯಾಲ್ಸಿಯಂ ಎಷ್ಟು ಬೇಕು ಎಂಬ ಬಗ್ಗೆ ಬೆಂಗಳೂರು ಮತ್ತು ಟಾಂಜಾನಿಯಾದಲ್ಲಿ ತಲಾ 11,000 ಗರ್ಭಿಣಿಯರಲ್ಲಿ ನಡೆದ ಅಧ್ಯಯನಗಳ ಫಲಿತಾಂಶ 2024ರಲ್ಲಿ ಹೊರಬಂದಿತು. ಗರ್ಭಿಣಿಯರ ರಕ್ತದೊತ್ತಡದ ಕಾಯಿಲೆ ತಡೆಯುವಲ್ಲಿ ದಿನಕ್ಕೆ 500 ಮಿಲಿಗ್ರಾಂ, 1500 ಮಿಲಿಗ್ರಾಂಗಿಂತ ಹಿಂದೆ ಬೀಳಲಿಲ್ಲ. ನಿಮ್ಮ ವೈದ್ಯರು ಬರೆದುಕೊಟ್ಟಷ್ಟನ್ನೇ ತೆಗೆದುಕೊಳ್ಳಿ. ಹೆಚ್ಚಿಗೆ ತಿಂದರೆ ಹೆಚ್ಚು ಲಾಭ ಎಂದು ತಿಳಿಯಬೇಡಿ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ? ಗುಳಿಗೆಯನ್ನು ಅವರ ಕೈಗೆ ಎಟುಕದಂತೆ ಇಡಿ. ಕೆಂಪು ಗುಳಿಗೆಯನ್ನು ಪೆಪ್ಪರಮೆಂಟು ಎಂದು ತಿಳಿದು ಹಲವನ್ನು ನುಂಗಿದ ಮಗುವಿಗೆ ಪ್ರಾಣಾಪಾಯವಿದೆ. ಹಾಗಾದರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು.

ದುಡಿಯಲು ಮುಂಬಯಿ, ಪುಣೆ, ಹೈದರಾಬಾದ್‌ಗೆ ಗುಳೆ ಹೋಗುವ ತಾಂಡಾ ಮತ್ತು ಹಳ್ಳಿಗಳ ಹೆಣ್ಣುಮಕ್ಕಳಿಗೆ ಒಂದು ಮಾತು. ಹೊರಡುವ ಮೊದಲು ಆಶಾ ಕಾರ್ಯಕರ್ತೆಯನ್ನು ಕಂಡು ಹೋಗುವಷ್ಟು ದಿನದ ಗುಳಿಗೆ ಕೇಳಿ ಪಡೆಯಿರಿ. ತಾಯಿ ಕಾರ್ಡ್ ಜೊತೆಗಿರಲಿ. ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಅದನ್ನು ತೋರಿಸಿದರೆ ತಪಾಸಣೆ ಮುಂದುವರಿಸಲು ಸುಲಭ. ಊರಲ್ಲೇ ಇರುವವರಿಗೆ, 2017ರ ಅಕ್ಟೋಬರ್‌ನಲ್ಲಿ ರಾಜ್ಯದಾದ್ಯಂತ ಆರಂಭವಾದ ಮಾತೃಪೂರ್ಣ ಯೋಜನೆಯಡಿ ಅಂಗನವಾಡಿಯಲ್ಲಿ ಬಿಸಿಯೂಟ ಸಿಗುತ್ತದೆ. ಗರ್ಭಿಣಿ ಅಲ್ಲಿಗೆ ಹೋಗಿ ಉಣ್ಣುವುದು ಮನೆಯ ಮರ್ಯಾದೆಗೆ ಕುಂದಲ್ಲ.

ಯಾವಾಗ ತಡಮಾಡಬಾರದು?

ಒಂದು ತಿಂಗಳು ಗುಳಿಗೆ ಸರಿಯಾಗಿ ನುಂಗಿದರೆ ಹಿಮೋಗ್ಲೋಬಿನ್ ಸುಮಾರು ಒಂದು ಗ್ರಾಂ ಏರಬೇಕು. ಏರದಿದ್ದರೆ ಬಿ-12 ಜೀವಸತ್ವದ ಕೊರತೆ, ಥಲಸ್ಸೀಮಿಯಾ ಮುಂತಾದ ಬೇರೆ ಕಾರಣ ಹುಡುಕಬೇಕು. ಇಲ್ಲವೇ ನಾಲ್ಕನೇ ತಿಂಗಳ ನಂತರ ರಕ್ತನಾಳದ ಮೂಲಕ ಕಬ್ಬಿಣ ಕೊಡಬೇಕಾಗುತ್ತದೆ. ಇದನ್ನು ಆಸ್ಪತ್ರೆಯಲ್ಲೇ ಕೊಡಿಸಿಕೊಳ್ಳಬೇಕು. ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿದ್ದರೆ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ಆಸ್ಪತ್ರೆಗೆ ದಾಖಲಾಗಬೇಕು. ಕುಳಿತಲ್ಲೇ ದಮ್ಮು, ಎದೆ ಬಡಿತ, ಮುಖ ಕಾಲು ಬಾವು ಕಂಡರೆ ಅಂದೇ ಹೊರಡಿ.

ಏಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆಂದರೆ, ಸಹಜ ಹೆರಿಗೆಯಲ್ಲೂ ಅರ್ಧ ಲೀಟರಿನವರೆಗೆ ರಕ್ತ ಹೋಗಬಹುದು. 11 ಗ್ರಾಂ ಇರುವವಳು ಅದನ್ನು ತಡೆದುಕೊಳ್ಳುತ್ತಾಳೆ. 7 ಗ್ರಾಂ ಇರುವವಳಿಗೆ ಅದೇ ರಕ್ತಸ್ರಾವ ಜೀವಕ್ಕೆ ಬರುತ್ತದೆ. ನಮ್ಮ ಹಳ್ಳಿಗಳಿಂದ ರಕ್ತನಿಧಿ ಇರುವ ಕಲಬುರಗಿಗೆ ಗಂಟೆಗೂ ಮೀರಿದ ದಾರಿ. ಆ ಒಂದು ಗಂಟೆಯಲ್ಲಿ ಕೈಹಿಡಿಯುವುದು ಹಿಂದಿನ ಆರು ತಿಂಗಳು ನುಂಗಿದ ಗುಳಿಗೆ.

ಮೊದಲು ಹೇಳಿದ ಹುಡುಗಿಯ ಕುಬಸ ನಿಲ್ಲಲಿಲ್ಲ. ಆದರೆ ಅದಕ್ಕೆ ಮೊದಲೇ ಆಕೆಯನ್ನು ಆಸ್ಪತ್ರೆಗೆ ಕಳುಹಿಸಿ ರಕ್ತನಾಳದ ಮೂಲಕ ಕಬ್ಬಿಣ ಕೊಡಿಸಿದೆವು. ಹುಳುವಿನ ಔಷಧಿಯೂ ಆಯಿತು. ಮುಂದಿನ ಭೇಟಿಯ ಹೊತ್ತಿಗೆ ಹಿಮೋಗ್ಲೋಬಿನ್ 9.8ಕ್ಕೆ ಏರಿತ್ತು. ಮಣ್ಣು ತಿನ್ನಬೇಕೆಂದು ಅನಿಸುತ್ತದೆಯೇ ಎಂದು ಕೇಳಿದೆ. "ಈಗ ಅದರ ವಾಸನಿ ಬ್ಯಾಡ ಅನಸ್ತದ್ರಿ" ಎಂದು ನಕ್ಕಳು. ಅತ್ತೆ ಸೆರಗಿನ ಗಂಟು ಬಿಚ್ಚಿ ಖಾಲಿಯಾದ ಗುಳಿಗೆಯ ಹಾಳೆಗಳನ್ನು ನನ್ನ ಮೇಜಿನ ಮೇಲಿಟ್ಟರು. "ದಿನಾ ರಾತ್ರಿ ನಾನೇ ಕೈಯಾಗ ಕೊಟ್ಟು ನುಂಗಸ್ತೀನ್ರಿ ಸಾಹೇಬ್ರ" ಎಂದರು.

ಈ ಕೆಲಸ ಪ್ರತಿ ಮನೆಯಲ್ಲೂ ಯಾರಾದರೂ ಒಬ್ಬರು ವಹಿಸಿಕೊಳ್ಳಬೇಕು. ಅತ್ತೆಯಾಗಲಿ, ಗಂಡನಾಗಲಿ, ರಾತ್ರಿ ಊಟದ ನಂತರ ಒಂದು ಲೋಟ ನೀರು ಮತ್ತು ಒಂದು ಗುಳಿಗೆಯನ್ನು ಗರ್ಭಿಣಿಯ ಕೈಗೆ ಕೊಟ್ಟು ನುಂಗುವ ತನಕ ಪಕ್ಕದಲ್ಲಿ ನಿಂತರೆ ಸಾಕು.